ಮೂರು ಗೋಡೆಯ ಮನೆ

ಹೊನ್ನಾವರದಿಂದ ಅಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಮೊದಲ ಪ್ರಶ್ನೆ ಊಟದ್ದು. ಎರಡನೆಯದು, "ಇವತ್ತು ನಿಮ್ಮ ಮನೆ ಎಲ್ಲಿದೆ?" ಮೊದಮೊದಲು ಆ ಪ್ರಶ್ನೆಯಲ್ಲಿ ಸಣ್ಣದೊಂದು ಕೊಂಕು ಇರುತ್ತಿತ್ತು. ಗ್ಲಾಸ್ಗೋದಲ್ಲಿ ಬಾಡಿಗೆ ಮನೆ ಇದ್ದೂ, ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮೂವತ್ನಾಲ್ಕು ಅಡಿಯ ಹಾಯಿದೋಣಿಯೊಂದರಲ್ಲಿ ಪಾತ್ರೆ, ಹಾಸಿಗೆ, ಲ್ಯಾಪ್‌ಟಾಪುಗಳ ಸಮೇತ ಮಗಳು-ಅಳಿಯ ತೇಲಿಕೊಂಡಿರುವುದನ್ನು ನೆಂಟರಿಗೆ ಹೇಗೆ ವಿವರಿಸಬೇಕೆಂಬುದು ಅವಳ ಸಂಕಟವಾಗಿತ್ತು. ಐದು ಬೇಸಿಗೆ ಕಳೆದ ಮೇಲೆ ಕೊಂಕು ಹೋಗಿ ಕುತೂಹಲ ಉಳಿದಿದೆ. ಈಗ ನಾನು ಜಾಗದ ಹೆಸರು ಹೇಳಿದೊಡನೆ ಮೂರನೆಯ ಪ್ರಶ್ನೆಯೂ ಬರುತ್ತದೆ: "ಗಾಳಿ ಯಾವ ಕಡೆಯಿಂದ?" ಶರಾವತಿಯ ಅಳಿವೆಯ ಪಕ್ಕದಲ್ಲಿ ಹುಟ್ಟಿ ಬೆಳೆದವಳಿಗೆ ಈ ಪ್ರಶ್ನೆಯನ್ನು ಯಾರೂ ಕಲಿಸಬೇಕಿರಲಿಲ್ಲ. ಅದೇ ಅಳಿವೆಯ ದಂಡೆಯಲ್ಲಿ ಆಡಿ ಬೆಳೆದ ನನಗೆ ಮಾತ್ರ ಅದರ ಬೆಲೆ ತಿಳಿಯಲು ಒಂದು ಕೆಟ್ಟ ರಾತ್ರಿ ಬೇಕಾಯಿತು.

ನಾವು ಓಡಾಡುವುದು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಓಬನ್ ಪಟ್ಟಣದಿಂದ ಆಚೆಗೆ, ಮಲ್, ಕಾಲ್, ಟೈರೀ ದ್ವೀಪಗಳ ನಡುವೆ. ನಕ್ಷೆಯಲ್ಲಿ ನೋಡಿದರೆ ಈ ಕರಾವಳಿ ಇಲಿ ಕಡಿದ ಸೀರೆಯಂಚಿನಂತಿದೆ. ಹಿಂದೆಂದೋ ಹಿಮನದಿಗಳು ಕೊರೆದು ಬಿಟ್ಟುಹೋದ ಕಣಿವೆಗಳಿಗೆ ಕಡಲು ನುಗ್ಗಿ ಉದ್ದುದ್ದ ಕೊಲ್ಲಿಗಳಾಗಿವೆ. ಇವನ್ನು ಇಲ್ಲಿನವರು ಲಾಕ್ ಎನ್ನುತ್ತಾರೆ. ಲಂಗರು ಹಾಕಬಹುದಾದ ಜಾಗಗಳಿಗೆ ಇಲ್ಲಿ ಬರವಿಲ್ಲ. ಆದರೆ ಯಾವ ದಿಕ್ಕಿನ ಗಾಳಿ ಬಂದರೂ ನಿಶ್ಚಿಂತೆಯಿಂದ ಇರಬಹುದಾದವು ತೀರ ಕಡಿಮೆ. ಉಳಿದವೆಲ್ಲ ಮೂರು ಗೋಡೆಯ ಮನೆಗಳು. ಮೂರು ಕಡೆ ನೆಲ, ನಾಲ್ಕನೆಯ ಕಡೆ ಬಯಲು ಕಡಲು. ಗಾಳಿ ನೆಲದ ಕಡೆಯಿಂದ ಬರುವಷ್ಟು ಹೊತ್ತು ಅಂಥ ಕೊಲ್ಲಿ ಕೆರೆಯಂತೆ ಇರುತ್ತದೆ; ಅದೇ ಗಾಳಿ, ಅದೇ ವೇಗದಲ್ಲಿ, ತೆರೆದ ಕಡೆಗೆ ತಿರುಗಿಕೊಂಡರೆ ಮೈಲಿಗಟ್ಟಲೆ ದೂರದಿಂದ ಉರುಳಿ ಬಂದ ಅಲೆಗಳು ನೇರವಾಗಿ ನಮ್ಮ ಅಡುಗೆಮನೆಗೆ ಬರುತ್ತವೆ. ದೋಣಿ ಕೊಳ್ಳುವ ಮೊದಲು ನಾನು ಗಾಳಿಯ ವೇಗಕ್ಕೆ ಹೆದರುತ್ತಿದ್ದೆ. ಈಗ ವೇಗದ ಅಂಕಿಯನ್ನು ಎರಡನೆಯ ಸಲ ಕೇಳಿಸಿಕೊಳ್ಳುತ್ತೇನೆ. ಮೊದಲು ಕೇಳುವುದು ದಿಕ್ಕನ್ನು.

ಊರಿನ ಕಡಲಿಗೂ ಈ ಕಡಲಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ ಎಂದು ನನಗೆ ತೋರುತ್ತದೆ. ನಮ್ಮಲ್ಲಿ ಹವೆ ಎಂಬುದು ಋತು. ಮುಂಗಾರು ಬಂತೆಂದರೆ ಬಂತು. ಅಮ್ಮ ಅದನ್ನು ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರಗಳಲ್ಲಿ ಎಣಿಸುತ್ತಾಳೆ, ಒಂದೊಂದಕ್ಕೂ ಹದಿಮೂರೋ ಹದಿನಾಲ್ಕೋ ದಿನ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಧಕ್ಕೆಯಲ್ಲಿ ಬೋಟುಗಳು ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ, ಬಲೆ ಹೆಣೆಯುವ ಕೆಲಸ ನಡೆಯುತ್ತದೆ. ಕಡಲಿಗೆ ಬಾಗಿಲು ಹಾಕುವ ದಿನವೂ ತೆಗೆಯುವ ದಿನವೂ ಕ್ಯಾಲೆಂಡರಿನಲ್ಲಿ ಇದೆ. ಇಲ್ಲಿ ಅಟ್ಲಾಂಟಿಕ್‌ನಿಂದ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ನಡುವೆ ಒಂದಷ್ಟು ದಿನ ಬಿಡುವು ಸಿಕ್ಕರೆ ಪುಣ್ಯ. ಕುಸಿತದ ಕೇಂದ್ರ ಸಾಮಾನ್ಯವಾಗಿ ನಮ್ಮ ಉತ್ತರಕ್ಕೆ ಹಾದುಹೋಗುತ್ತದೆ. ಅದು ಹತ್ತಿರವಾಗುವಾಗ ಗಾಳಿ ಪಶ್ಚಿಮದಿಂದ ದಕ್ಷಿಣಕ್ಕೆ, ಆಗ್ನೇಯಕ್ಕೆ ಹಿಂತಿರುಗುತ್ತದೆ, ಅಂದರೆ ಅಪ್ರದಕ್ಷಿಣೆ. ಮೊದಲ ಮಳೆ ಹಾದುಹೋದ ಮೇಲೆ ನೈಋತ್ಯಕ್ಕೆ ಬರುತ್ತದೆ. ಶೀತಲ ಗಾಳಿಯ ಅಂಚು ದಾಟಿದಾಗ ಒಮ್ಮೆಲೇ ವಾಯವ್ಯಕ್ಕೆ ಹೊರಳುತ್ತದೆ, ಇದು ಪ್ರದಕ್ಷಿಣೆ. ಆಗ ಆಕಾಶ ಸ್ವಚ್ಛವಾಗಿ, ಬೆಟ್ಟಗಳು ತೊಳೆದಿಟ್ಟಂತೆ ಕಂಡು, ನೋಡುವವರಿಗೆ ಹವೆ ಸುಧಾರಿಸಿತು ಎನ್ನಿಸುತ್ತದೆ. ವಾಯವ್ಯಕ್ಕೆ ಬಾಯಿ ತೆರೆದ ಕೊಲ್ಲಿಯಲ್ಲಿ ಇರುವವರಿಗೆ ಕಷ್ಟ ಶುರುವಾಗುವುದು ಆಗಲೇ. ಒಂದು ಕುಸಿತ ಪೂರ್ತಿ ಹಾದುಹೋಗಲು ಒಂದೂವರೆ ದಿನ ಸಾಕು. ಒಂದು ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ನಮ್ಮ ಮನೆ ನಾಲ್ಕೈದು ಸಲ ಗೋಡೆ ಬದಲಾಯಿಸಿರುತ್ತದೆ.

ಈ ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವ ಭಾಷೆಯೊಂದಿದೆ. ಬ್ರಿಟನ್ನಿನ ಸುತ್ತಲಿನ ಕಡಲನ್ನು 31 ವಲಯಗಳಾಗಿ ವಿಂಗಡಿಸಿದ್ದಾರೆ; ನಾವಿರುವುದು ಮಾಲಿನ್ ವಲಯ, ಅದರ ಉತ್ತರಕ್ಕೆ ಹೆಬ್ರಿಡೀಸ್. ದಂಡೆಯ ಹತ್ತಿರದ ನೀರಿಗೆ ಬೇರೆ ಮುನ್ಸೂಚನೆ. ಅದನ್ನು ಕೋಸ್ಟ್‌ಗಾರ್ಡಿನವರು ವಿಎಚ್‌ಎಫ್ ರೇಡಿಯೊದಲ್ಲಿ ಮೂರು ಗಂಟೆಗೊಮ್ಮೆ ಓದುತ್ತಾರೆ. ಒಂದೊಂದು ಪದಕ್ಕೂ ಅಳತೆ ಇದೆ. ಬಿರುಗಾಳಿ "ಇಮ್ಮಿನೆಂಟ್" ಎಂದರೆ ಆರು ಗಂಟೆಯೊಳಗೆ, "ಸೂನ್" ಎಂದರೆ ಆರರಿಂದ ಹನ್ನೆರಡು, "ಲೇಟರ್" ಎಂದರೆ ಹನ್ನೆರಡರಿಂದ ಇಪ್ಪತ್ನಾಲ್ಕು. ಎಣಿಕೆ ಮುನ್ಸೂಚನೆ ಹೊರಟ ಗಳಿಗೆಯಿಂದ. ವಾಯುಭಾರ ಅಳೆಯುವ ಬ್ಯಾರೋಮೀಟರು ಮೂರು ಗಂಟೆಯಲ್ಲಿ 3.6 ಹೆಕ್ಟೋಪಾಸ್ಕಲ್‌ಗಿಂತ ಹೆಚ್ಚು ಇಳಿದರೆ "ಬೇಗ ಇಳಿಯುತ್ತಿದೆ", 6ಕ್ಕಿಂತ ಹೆಚ್ಚಾದರೆ "ಬಹಳ ಬೇಗ". ಅಲಂಕಾರದ ವರ್ಣನೆ ಇರುವುದಿಲ್ಲ, ಹೆದರಿಸುವ ಮಾತೂ ಇರುವುದಿಲ್ಲ. ಪಡಿತರ ಅಂಗಡಿಯಲ್ಲಿ ತೂಕ ಕೂಗುವವರಂತೆ ದಿಕ್ಕು, ಬಲ, ಅಲೆ, ಮಳೆ, ನೋಟದ ದೂರ ಎಂದು ಓದಿಕೊಂಡು ಹೋಗುತ್ತಾರೆ.

ಈ ಪದ್ಧತಿಗೆ ಕಾರಣನಾದವನು ರಾಬರ್ಟ್ ಫಿಟ್ಜ್‌ರಾಯ್. ಚಾರ್ಲ್ಸ್ ಡಾರ್ವಿನ್ನನನ್ನು ಹೊತ್ತು ಭೂಮಿ ಸುತ್ತಿಬಂದ ಬೀಗಲ್ ಹಡಗಿನ ಕಪ್ತಾನ ಎಂದರೆ ಹೆಚ್ಚು ಜನರಿಗೆ ಗೊತ್ತಾಗುತ್ತದೆ. 1859ರ ಅಕ್ಟೋಬರ್‌ನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸ್‌ನ ಆಂಗ್ಲ್ಸೀ ದ್ವೀಪದ ಬಂಡೆಗಳಿಗೆ ಅಪ್ಪಳಿಸಿ ನಾನೂರಕ್ಕೂ ಹೆಚ್ಚು ಜನ ಸತ್ತರು. ಬೇರೆ ಬೇರೆ ಊರುಗಳ ಹವಾಮಾನವನ್ನು ಟೆಲಿಗ್ರಾಫಿನಲ್ಲಿ ತರಿಸಿಕೊಂಡು ಒಂದೆಡೆ ಕೂಡಿಸಿದರೆ ಇಂಥ ಬಿರುಗಾಳಿಯ ಸುಳಿವು ಮೊದಲೇ ಸಿಗುತ್ತದೆಂದು ವಾದಿಸಿದ ಅವನು 1861ರಲ್ಲಿ ಬಂದರುಗಳಿಗೆ ಎಚ್ಚರಿಕೆ ಕಳಿಸತೊಡಗಿದ. ಅದೇ ವರ್ಷ ಆಗಸ್ಟ್‌ನಲ್ಲಿ ಪತ್ರಿಕೆಯಲ್ಲಿ ಮೊದಲ ಮುನ್ಸೂಚನೆ ಅಚ್ಚಾಯಿತು. ಅವನ ಅಂದಾಜು ತಪ್ಪಿದಾಗಲೆಲ್ಲ ಜನ ಗೇಲಿ ಮಾಡಿದರು. 1865ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. 2002ರಲ್ಲಿ ಫಿನಿಸ್ಟೆರ್ ಎಂಬ ಕಡಲ ವಲಯಕ್ಕೆ ಅವನ ಹೆಸರಿಟ್ಟರು. ಅವನು ತಪ್ಪಿದ್ದಕ್ಕಿಂತ ಅವನ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳದೆ ನಾವು ತಪ್ಪುವುದೇ ಹೆಚ್ಚು ಎಂಬುದು ನನ್ನ ಅನುಭವ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಲಂಗರಿನ ಲೆಕ್ಕ. ಲಂಗರು ತನ್ನ ಭಾರದಿಂದ ದೋಣಿಯನ್ನು ಹಿಡಿದಿಡುತ್ತದೆಂದು ನಾನು ಬಹುಕಾಲ ನಂಬಿದ್ದೆ. ನಮ್ಮದು ಹದಿನಾರು ಕಿಲೋ, ದೋಣಿ ಆರು ಟನ್ನು; ಭಾರದ ಮಾತಾಗಿದ್ದರೆ ಅದು ಎಂದೋ ಸೋತಿರುತ್ತಿತ್ತು. ಕೆಲಸ ಮಾಡುವುದು ಎಳೆತದ ಕೋನ. ಸರಪಳಿ ನೆಲಕ್ಕೆ ಮಲಗಿಕೊಂಡು ಎಳೆದರೆ ಲಂಗರು ನೇಗಿಲಿನಂತೆ ಕೆಸರಿನೊಳಗೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತುಕೊಂಡು ಬರುತ್ತದೆ. ನೇಗಿಲು ಎಂದದ್ದು ಹೋಲಿಕೆಗಲ್ಲ; ನಮ್ಮ ದೋಣಿಯಲ್ಲಿರುವ ಸಿಕ್ಯೂಆರ್ ಲಂಗರು ನೇಗಿಲ ಗುಳದ ಆಕಾರದ್ದೇ. ಅದನ್ನು 1933ರಲ್ಲಿ ರೂಪಿಸಿದವನು ಜೆಫ್ರಿ ಟೇಲರ್, ದ್ರವಗಳ ಪ್ರಕ್ಷುಬ್ಧ ಹರಿವಿನ ಬಗ್ಗೆ ಕೆಲಸ ಮಾಡಿದ ದೊಡ್ಡ ಭೌತವಿಜ್ಞಾನಿ, ಸ್ವತಃ ಹಾಯಿದೋಣಿಯವನು. ಈಚಿನ ಲಂಗರುಗಳು ಇನ್ನೂ ಬೇಗ ಹೂತುಕೊಳ್ಳುತ್ತವೆಂದು ಇವರು ವರ್ಷಕ್ಕೊಮ್ಮೆ ಹೊಸದರ ಬೆಲೆ ನೋಡುತ್ತಾರೆ. ವರ್ಷಕ್ಕೊಮ್ಮೆ ನಾನು ವಿಷಯ ಬದಲಾಯಿಸುತ್ತೇನೆ.

ಸರಪಳಿಯ ಉದ್ದಕ್ಕೆ ಆಳವನ್ನು ಅಳೆಯಬೇಕು. ಯಾವ ಹೊತ್ತಿನ ಆಳ ಎಂಬುದು ಇಲ್ಲಿ ಮುಖ್ಯ. ಊರಿನ ಕಡಲಿನಲ್ಲಿ ಉಬ್ಬರ-ಇಳಿತದ ಅಂತರ ಎರಡು ಮೀಟರಿಗಿಂತ ಕಡಿಮೆ. ಇಲ್ಲಿ ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ಮೂರೂವರೆ ಮೀಟರ್ ದಾಟುತ್ತದೆ. ಇಳಿತದಲ್ಲಿ ನಾಲ್ಕು ಮೀಟರ್ ಇದ್ದ ನೀರು ಆರು ಗಂಟೆ ಕಳೆದರೆ ಏಳೂವರೆಯಾಗುತ್ತದೆ. ಅದಕ್ಕೆ ನೀರಿನಿಂದ ದೋಣಿಯ ಮೂತಿಯವರೆಗಿನ ಒಂದು ಮೀಟರ್ ಸೇರಿಸಿದರೆ ಎಂಟೂವರೆ. ಅದರ ನಾಲ್ಕು ಪಟ್ಟು ಎಂದರೆ ಮೂವತ್ನಾಲ್ಕು ಮೀಟರ್ ಸರಪಳಿ. ಇದು ಸಾಧಾರಣ ರಾತ್ರಿಗೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಹದಿನೈದು ನಾಟ್ ಗಾಳಿಯಲ್ಲಿ ಜೋಲಾಡುತ್ತಿದ್ದ ಸರಪಳಿ ಮೂವತ್ತು ನಾಟ್‌ನಲ್ಲಿ ಕಬ್ಬಿಣದ ಸರಳಿನಂತೆ ಬಿಗಿದು ನಿಲ್ಲುತ್ತದೆ. ಆ ಜಗ್ಗಾಟ ತಡೆಯಲು ಸರಪಳಿಗೂ ದೋಣಿಗೂ ನಡುವೆ ಹತ್ತು ಮೀಟರ್ ನೈಲಾನ್ ಹಗ್ಗ ಕಟ್ಟುತ್ತೇವೆ, ಅದು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ.

ಇಷ್ಟು ಓದಿದವರಿಗೆ ನಾವು ಸದಾ ಲೆಕ್ಕ ಮಾಡುತ್ತ ಕೂತಿರುತ್ತೇವೆ ಎನ್ನಿಸಬಹುದು. ದಿನದ ಬಹುಪಾಲು ಹೋಗುವುದು ಮನೆಗೆಲಸಕ್ಕೆ. ಇನ್ನೂರು ಲೀಟರ್ ನೀರಿನ ಟ್ಯಾಂಕು ಇಬ್ಬರಿಗೆ ಹತ್ತು ದಿನ ಬರುವಂತೆ ಪಾತ್ರೆಗಳನ್ನು ಮೊದಲು ಕಡಲ ನೀರಿನಲ್ಲಿ ತೊಳೆಯಬೇಕು. ಸೌರಫಲಕ ಜೂನ್‌ನಲ್ಲಿ ಉದಾರಿ, ಆಗಸ್ಟ್ ಮೋಡದಲ್ಲಿ ಕೃಪಣ. ಉಸಿರು, ಅನ್ನದ ಹಬೆ ಎಲ್ಲ ಸೇರಿ ರಾತ್ರಿ ಕಿಟಕಿಗಳ ಮೇಲೆ ನೀರಾಗುತ್ತವೆ. ಬೆಳಗ್ಗೆ ಎದ್ದು ಮೊದಲು ಒಂದು ಹಳೆಯ ಪಂಚೆಯ ತುಂಡಿನಿಂದ ಅವನ್ನು ಒರೆಸುತ್ತೇನೆ. ದೋಸೆ ಹಿಟ್ಟಿನದು ಬೇರೆಯೇ ಕಥೆ. ಹದಿನಾಲ್ಕು ಡಿಗ್ರಿಯ ಕ್ಯಾಬಿನ್ನಿನಲ್ಲಿ ಅದು ಮೂರು ದಿನವಾದರೂ ಉಬ್ಬುವುದಿಲ್ಲ. ಎಂಜಿನ್ ನಡೆಸಿಕೊಂಡು ಬಂದ ದಿನ ಮಾತ್ರ, ಲಂಗರು ಹಾಕಿದ ಕೂಡಲೆ ಹಿಟ್ಟಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಎಂಜಿನ್ ಪೆಟ್ಟಿಗೆಯೊಳಗೆ, ಡೀಸೆಲ್ ವಾಸನೆ ತಾಗದಂತೆ ಮೂಲೆಗೆ ಇಡುತ್ತೇನೆ. ಮರುದಿನ ಬೆಳಗ್ಗೆ ಮುಚ್ಚಳ ಎದ್ದಿರುತ್ತದೆ. ಆದ್ದರಿಂದ ನಮ್ಮಲ್ಲಿ ದೋಸೆಯೆಂದರೆ ಹಿಂದಿನ ದಿನ ಗಾಳಿ ಇರಲಿಲ್ಲ, ಹಾಯಿ ಬಿಚ್ಚಲಿಲ್ಲ ಎಂದು ಅರ್ಥ. ಗಾಳಿಯಿಲ್ಲದ ದಿನದ ಇನ್ನೊಂದು ಫಲ ಮಿಜ್ ಎಂಬ ನೊರಜು. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ಗಾಳಿ ಇದ್ದರೂ ಅವು ಹಾರಲಾರವು. ಗಾಳಿ ನಿಂತರೆ ದಂಡೆಯಿಂದ ಮೋಡದಂತೆ ಏಳುತ್ತವೆ. ಪೂರ್ತಿ ಆಸರೆಯ ಜಾಗ ಸಿಕ್ಕಿತೆಂದು ದಂಡೆಗೆ ಒತ್ತಿ ಲಂಗರು ಹಾಕಿದವರು ಕೆರೆದುಕೊಳ್ಳುತ್ತ ಕೂರಬೇಕಾಗುತ್ತದೆ.

ಇನ್ನು ಆ ರಾತ್ರಿ. ಮೂರು ವರ್ಷದ ಹಿಂದೆ, ಆಗಸ್ಟ್ ಕೊನೆಯ ವಾರ, ಕಾಲ್ ದ್ವೀಪದಲ್ಲಿದ್ದೆವು. ಇನ್ನೂರಕ್ಕೂ ಕಡಿಮೆ ಜನರಿರುವ, ತಗ್ಗಾದ, ಮರಗಳು ವಿರಳವಾದ ದ್ವೀಪ. ಒಂದೇ ಹಳ್ಳಿ, ಅರಿನಗೌರ್. ಅದರೆದುರಿನ ಕೊಲ್ಲಿ ಆಗ್ನೇಯಕ್ಕೆ ತೆರೆದಿದೆ. ಆ ದಿನ ಪಶ್ಚಿಮದ ಗಾಳಿ, ಸೊನ್ನೆಯಿಂದ ಹನ್ನೆರಡರವರೆಗೆ ಎಣಿಸುವ ಬೋಫರ್ಟ್ ಮಾಪನದಲ್ಲಿ ಬಲ ನಾಲ್ಕು. ಇಡೀ ದ್ವೀಪ ನಮಗೆ ಬೆನ್ನಿನ ಗೋಡೆಯಾಗಿತ್ತು. ಮಧ್ಯಾಹ್ನದ ಮುನ್ಸೂಚನೆಯಲ್ಲಿ ಗಾಳಿ ಆಗ್ನೇಯಕ್ಕೆ ಹಿಂತಿರುಗಿ ಐದು ಅಥವಾ ಆರಾಗುವುದು, "ಲೇಟರ್" ಎಂದರು. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಎಂದು ನಮ್ಮಿಬ್ಬರಿಗೂ ಬಾಯಿಪಾಠವಾಗಿತ್ತು. ಅಂದರೆ ಮಧ್ಯರಾತ್ರಿಯ ನಂತರ ಯಾವಾಗಲಾದರೂ. ಆದರೆ ಅಂದು ಬಿಸಿಲಿತ್ತು, ಹಳ್ಳಿಯ ಅಂಗಡಿಯಲ್ಲಿ ತಾಜಾ ಬ್ರೆಡ್ಡು ಸಿಕ್ಕಿತ್ತು, ಬಟ್ಟೆ ಒಗೆದು ಒಣಗಹಾಕಿದ್ದೆ. "ಲೇಟರ್" ಎಂಬ ಪದ ನಮ್ಮ ಕಿವಿಯಲ್ಲಿ ತನ್ನ ಅಳತೆ ಕಳೆದುಕೊಂಡು ಮನೆಮಾತಿನ "ಆಮೇಲೆ" ಆಯಿತು. ಬೆಳಗ್ಗೆ ತಿಂಡಿ ಮುಗಿಸಿ ಹೊರಟರಾಯಿತು ಎಂದರು ಇವರು. ಹೂಂ ಎಂದೆ ನಾನು. ರಾತ್ರಿ ಹತ್ತಕ್ಕೆ ಬ್ಯಾರೋಮೀಟರು ಮೂರು ಗಂಟೆಯಲ್ಲಿ ಎರಡು ಅಂಕ ಇಳಿದಿತ್ತು. ಅದನ್ನೂ ಬರೆದಿಟ್ಟು ಮಲಗಿದೆವು.

ಹನ್ನೊಂದಕ್ಕೆ ಗಾಳಿ ಪೂರ್ತಿ ನಿಂತಿತು. ಎರಡು ಗಂಟೆಗೆ ಎಚ್ಚರವಾದದ್ದು ಸಿಂಕಿನಲ್ಲಿ ಬಿಟ್ಟಿದ್ದ ಲೋಟದಿಂದ. ಟಿಣ್ ಎಂದಿತು, ಸ್ವಲ್ಪ ತಡೆದು ಮತ್ತೆ ಟಿಣ್. ಸಂಜೆಯಿಂದ ಅಲುಗದಿದ್ದ ಲೋಟ. ಕಣ್ಣು ಮುಚ್ಚಿಕೊಂಡೇ ಎಣಿಸಿದೆ: ನಾಲ್ಕು ಸೆಕೆಂಡಿಗೊಮ್ಮೆ. ಅಲೆ ಬರುತ್ತಿದೆ ಎಂದರೆ ಬಾಗಿಲು ತೆರೆದಿದೆ. ಅಷ್ಟರಲ್ಲಿ ಕೆಳಗೆಲ್ಲೋ ಸರಪಳಿ ಕಲ್ಲಿನ ಮೇಲೆ ಗರಗರನೆ ಎಳೆದುಕೊಂಡ ಸದ್ದು ದೋಣಿಯ ಮೈಯೆಲ್ಲ ಹರಿಯಿತು.

"ಕೇಳಿತಾ? ಏಳಿ," ಎಂದೆ.

"ಕೇಳ್ತು. ನೀನು ಎಂಜಿನ್ ಹಾಕು, ನಾನು ಮುಂದೆ ಹೋಗ್ತೇನೆ."

ಲಂಗರು ಹಾಕಿದಾಗಲೆಲ್ಲ ದಂಡೆಯ ಎರಡು ವಸ್ತುಗಳನ್ನು ಒಂದೇ ಗೆರೆಗೆ ತಂದು ಗುರುತಿಟ್ಟುಕೊಳ್ಳುತ್ತೇವೆ. ಆ ದಿನ ಒಂದು ಬಿಳಿ ಮನೆಯ ಚಿಮಣಿಯೂ ಅದರ ಮುಂದಿನ ಬಂಡೆಯೂ ಗುರುತಾಗಿದ್ದವು. ಗೆರೆ ಮುರಿದರೆ ದೋಣಿ ಸರಿಯುತ್ತಿದೆ ಎಂದು ಅರ್ಥ. ಆದರೆ ಕಾಲ್ ದ್ವೀಪದಲ್ಲಿ ಬೀದಿದೀಪಗಳೇ ಇಲ್ಲ. ಕತ್ತಲ ಆಕಾಶಕ್ಕೆಂದು 2013ರಲ್ಲಿ ಅದಕ್ಕೆ ಮನ್ನಣೆ ಕೂಡ ಸಿಕ್ಕಿದೆ. ಸಂಜೆ ನಕ್ಷತ್ರ ನೋಡಿ ಹೊಗಳಿದ ಅದೇ ಕತ್ತಲೆಯಲ್ಲಿ ಈಗ ಚಿಮಣಿಯೂ ಇರಲಿಲ್ಲ, ಬಂಡೆಯೂ ಇರಲಿಲ್ಲ. ಫೋನಿನ ಪರದೆಯಲ್ಲಿ ದೋಣಿ ಓಡಾಡಿದ ಜಾಡು ಮಾತ್ರ ಕಾಣುತ್ತಿತ್ತು. ಲಂಗರು ಹಿಡಿದಿದ್ದರೆ ಜಾಡು ತೊಟ್ಟಿಲು ತೂಗಿದಂತೆ ಕಮಾನಾಗಿ ಅತ್ತಿತ್ತ ಮೂಡುತ್ತದೆ. ಆ ಕಮಾನಿನಿಂದ ಒಂದು ನೇರ ಗೆರೆ ದಂಡೆಯತ್ತ ಹೊರಟಿತ್ತು, ಹದಿನೈದು ಮೀಟರಿನಷ್ಟು. ಆಳ ತೋರಿಸುವ ಯಂತ್ರದಲ್ಲಿ 5.1 ಇದ್ದದ್ದು 4.4 ಆಯಿತು. ನನಗೆ ಹೊಟ್ಟೆ ತೊಳಸಿದ್ದು ಆ ಅಂಕಿಗೆ. ಅದು ಉಬ್ಬರದ ಹೊತ್ತು. ನೀರು ಏರುತ್ತಿರುವಾಗ ಆಳ ಕಡಿಮೆಯಾಗುತ್ತಿದೆಯೆಂದರೆ ನೆಲ ನಮ್ಮ ಕಡೆಗೆ ಬರುತ್ತಿದೆ.

ಇವರು ಮೂತಿಯಲ್ಲಿ ಮಂಡಿಯೂರಿ ಸರಪಳಿಯ ಮೇಲೆ ಅಂಗೈ ಇಟ್ಟರು, ವೈದ್ಯರು ನಾಡಿ ಹಿಡಿಯುವಂತೆ. ಲಂಗರು ಕಚ್ಚಿಕೊಂಡಿದ್ದರೆ ಸರಪಳಿ ಬಿಗಿಯುತ್ತದೆ, ಸಡಿಲುತ್ತದೆ, ಅಷ್ಟೇ. ಎಳೆದುಕೊಂಡು ಬರುತ್ತಿದ್ದರೆ ಕೈಗೆ ಗಟಗಟ ನಡುಕ ತಾಗುತ್ತದೆ. "ನಡುಗ್ತಾ ಇದೆ," ಎಂದು ಕೂಗಿದರು. ನಾನು ಎಂಜಿನ್ನಿನಿಂದ ದೋಣಿಯನ್ನು ಗಾಳಿಗೆದುರಾಗಿ ಮೆಲ್ಲಗೆ ಮುಂದೊತ್ತಿ ಹಿಡಿದೆ. ಅವರು ಇನ್ನೂ ಇಪ್ಪತ್ತು ಮೀಟರ್ ಸರಪಳಿ ಬಿಟ್ಟರು. ಕತ್ತಲಲ್ಲಿ ಹೊರಡುವುದೋ ನಿಲ್ಲುವುದೋ ಎಂಬ ಚರ್ಚೆ ಮಳೆಯಲ್ಲಿ ನಿಂತು ಒಂದು ನಿಮಿಷ ನಡೆಯಿತು. ಕೊಲ್ಲಿಯ ಬಾಯಿಯಲ್ಲಿ ಬಂಡೆಗಳಿದ್ದವು, ನಮಗೆ ನಿದ್ದೆಗಣ್ಣು. ನಿಂತೆವು. ಕಾಲು ಗಂಟೆಯ ಹೊತ್ತಿಗೆ ಆಳ 4.6ಕ್ಕೆ ಏರಿ, ಪರದೆಯ ಜಾಡು ಮತ್ತೆ ತೊಟ್ಟಿಲಾಯಿತು. ಲಂಗರಿನದೇನೂ ತಪ್ಪಿರಲಿಲ್ಲ. ಪಶ್ಚಿಮದ ಎಳೆತಕ್ಕೆ ಹೂತಿದ್ದ ಅದನ್ನು ಎದುರು ದಿಕ್ಕಿನಿಂದ ಕೀಳಲು ಬಿಟ್ಟವರು ನಾವು. ಸರದಿಯ ಮೇಲೆ ಒಂದೊಂದು ಗಂಟೆ ಎಚ್ಚರವಿದ್ದು ಬೆಳಕು ಹರಿಯುವುದನ್ನು ಕಾದೆವು.

ಬೆಳಗ್ಗೆ ಎತ್ತಿದಾಗ ಲಂಗರಿಗೆ ಕಡಲಪಾಚಿ ದೊಡ್ಡ ಹೊರೆಯಾಗಿ ಸುತ್ತಿಕೊಂಡಿತ್ತು, ಒಂದೊಂದು ಎಲೆ ಬಾಳೆಲೆಯಷ್ಟು ಅಗಲ. ಬ್ರೆಡ್ಡು ಕತ್ತರಿಸುವ ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು. ಪೂರ್ವಕ್ಕೆ, ಮಲ್ ದ್ವೀಪದ ಉತ್ತರದ ಮೂಗನ್ನು ಸುತ್ತಿಕೊಂಡು, ಇಪ್ಪತ್ತು ನಾಟಿಕಲ್ ಮೈಲಿಗೆ ತುಸು ಕಡಿಮೆ ದೂರದ ಡ್ರಂಬುಯಿ ಎಂಬ ಲಾಕ್ ಸೇರಲು ನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು. ಗೇಲಿಕ್ ಹೆಸರಿಗೆ ಹಳದಿ ದಿಬ್ಬದ ಕೊಲ್ಲಿ ಎಂದು ಅರ್ಥ. ಕಿರಿದಾದ ಬಾಯಿಯೊಳಗೆ ನುಸುಳಿದರೆ ಸುತ್ತಲೂ ನೆಲವೇ. ಉತ್ತರಕ್ಕೆ ಓರೊನ್ಸೇ ದ್ವೀಪ, ದಕ್ಷಿಣಕ್ಕೆ ಮಾರ್ವರ್ನ್ ಬೆಟ್ಟಗಳು. ಆ ಮಧ್ಯಾಹ್ನ ಅಲ್ಲಿ ಕೂತು ಇವರು ನಮ್ಮ ಲಾಗ್ ಪುಸ್ತಕದಲ್ಲಿ ಸ್ಕೇಲು ಹಿಡಿದು ಹೊಸ ಕಾಲಮ್ಮೊಂದನ್ನು ಗೀರಿದರು. ದಿನಾಂಕ, ಜಾಗ, ಆಳ, ಸರಪಳಿ, ಬ್ಯಾರೋಮೀಟರು ಇವುಗಳ ಪಕ್ಕದಲ್ಲಿ ಕನ್ನಡದಲ್ಲಿ ಬರೆದರು: ಗೋಡೆಯಿಲ್ಲದ ದಿಕ್ಕು. ಅಂದಿನಿಂದ ಲಂಗರು ಹಾಕಿದ ಪ್ರತಿ ಸಂಜೆ ಅದನ್ನು ತುಂಬಿ, ಅದರ ಎದುರಿಗೆ ಮುನ್ಸೂಚನೆಯ ದಿಕ್ಕನ್ನು ಗಂಟೆಗಳ ಸಮೇತ ಬರೆಯುತ್ತೇವೆ. "ಲೇಟರ್" ಎಂದು ಬರೆಯುವಂತಿಲ್ಲ; ರಾತ್ರಿ 12ರಿಂದ ಮಧ್ಯಾಹ್ನ 12 ಎಂದು ಬರೆಯಬೇಕು.

ಈ ವಾರ ಮತ್ತೆ ಡ್ರಂಬುಯಿಯಲ್ಲಿದ್ದೇವೆ. ದಕ್ಷಿಣದಿಂದ ಬಲ ಎಂಟರ ಗಾಳಿ ಬರುತ್ತದೆಂದು ಮೊನ್ನೆಯೇ ಹೇಳಿದ್ದರಿಂದ ಒಂದು ದಿನ ಮೊದಲೇ ಬಂದು, ಒಳಗಿನ ಕೆಸರಿನಲ್ಲಿ ಲಂಗರು ಹೂತು, ಐವತ್ತು ಮೀಟರ್ ಸರಪಳಿ ಬಿಟ್ಟಿದ್ದೇವೆ. ಅಲೆ ಇಲ್ಲವೇ ಇಲ್ಲ. ಸಿಂಕಿನ ಲೋಟ ಸುಮ್ಮನಿದೆ. ನಿನ್ನೆ ಸಂಜೆ ಇವರು ಹೊಸ ಕಾಲಮ್ಮಿನಲ್ಲಿ ನೆಮ್ಮದಿಯಿಂದ "ಇಲ್ಲ" ಎಂದು ಬರೆದರು. ರಾತ್ರಿ ಗಾಳಿ ದಕ್ಷಿಣದ ಬೆಟ್ಟವನ್ನು ಹತ್ತಿ ಈಚೆಗೆ ಬೀಳತೊಡಗಿತು. ಐದು ನಿಮಿಷ ನಿಶ್ಶಬ್ದ, ಆಮೇಲೆ ನೀರಿನ ಮೇಲ್ಮೈಯನ್ನು ಬಿಳಿ ಹೊಗೆಯಂತೆ ಎಬ್ಬಿಸಿಕೊಂಡು ಒಂದು ಹೊಡೆತ; ದೋಣಿ ಒಮ್ಮೆ ಎಡಕ್ಕೆ ವಾಲಿ, ಸರಪಳಿಯ ತುದಿಯವರೆಗೆ ಓಡಿ, ನೈಲಾನ್ ಹಗ್ಗ ಕಿರುಗುಟ್ಟಿ, ಮತ್ತೆ ನಿಶ್ಶಬ್ದ. ಪ್ರತಿ ಹೊಡೆತವೂ ಬೇರೆ ಬೇರೆ ಕಡೆಯಿಂದ. ಮೂರು ಗಂಟೆಗೆ ನನ್ನ ಸರದಿ ಬಂದಾಗ ಲಾಗ್ ಪುಸ್ತಕ ತೆಗೆದು, ಇವರ "ಇಲ್ಲ"ವನ್ನು ಹೊಡೆದುಹಾಕಿ, ಅದರ ಮುಂದೆ "ಮೇಲೆ" ಎಂದು ಬರೆದು, ಚಹಾಕ್ಕೆ ನೀರಿಟ್ಟೆ.